ನರಕ: ಪದ ಎಲ್ಲಿಂದ ಬಂತು, ಬೆಂಕಿ ಎಲ್ಲಿಂದ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ನರಕ ಅಂದ ತಕ್ಷಣ ಕಣ್ಣಿಗೆ ಕಟ್ಟುವುದು ಕುದಿಯುವ ಕೊಪ್ಪರಿಗೆ, ಯಮಕಿಂಕರರು, ಲೆಕ್ಕದ ಪುಸ್ತಕ ಬಿಚ್ಚಿ ಕೂತ ಚಿತ್ರಗುಪ್ತ. ಅಷ್ಟರ ಮಟ್ಟಿಗೆ ಎಲ್ಲರಿಗೂ ಗೊತ್ತು. ಸ್ವಲ್ಪ ಕೆದಕಿದರೆ ಮಾತ್ರ ಗೊಂದಲ ಶುರು. ಪಾತಾಳ, ಹೆಲ್, ಜಹನ್ನಮ್ ಎಲ್ಲ ಒಂದೇನಾ? ಬೈಬಲ್‌ನಲ್ಲಿ ನಿಜವಾಗಿ ಏನಿದೆ? ನರಕ ಇದೆಯೋ ಇಲ್ಲವೋ ಅನ್ನುವುದನ್ನು ಇಲ್ಲಿ ತೀರ್ಮಾನ ಮಾಡಲು ಹೊರಟಿಲ್ಲ. ಪದಗಳ ಹುಟ್ಟು ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಪ್ರಶ್ನೋತ್ತರದ ರೂಪದಲ್ಲಿ ಇಟ್ಟಿದ್ದೇನೆ.

‘ನರಕ’ಕ್ಕೂ ‘ನರ’ನಿಗೂ ಸಂಬಂಧ ಇದೆಯಾ?

ಕಿವಿಗೆ ಹಾಗೆ ಕೇಳಿಸುತ್ತದೆ, ನಿಜ. ಆದರೆ ಹಳಬರು ಕೊಟ್ಟ ವಿವರಣೆ ಬೇರೆ. ವೇದದ ಕಷ್ಟದ ಪದಗಳಿಗೆ ಅರ್ಥ ಬಿಡಿಸಿದ ಯಾಸ್ಕ ತನ್ನ ನಿರುಕ್ತದಲ್ಲಿ ಎರಡು ದಾರಿ ತೋರಿಸುತ್ತಾನೆ. ಒಂದು, ಅದು ‘ನ್ಯರಕ’, ಅಂದರೆ ಕೆಳಕ್ಕೆ ಹೋಗುವುದು. ಇನ್ನೊಂದು, ಸುಖವಾಗಿರಲು ಅಲ್ಲಿ ಒಂದಿಷ್ಟೂ ಜಾಗವಿಲ್ಲ, ಅದಕ್ಕೇ ಆ ಹೆಸರು. ಎರಡನೆಯದು ಪದದ ಜೊತೆ ಆಡಿದ ಆಟದ ಹಾಗಿದೆ, ಆದರೆ ಎಷ್ಟು ಚೆನ್ನಾಗಿದೆ ಅಲ್ವಾ? ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಈ ‘ಕೆಳಗೆ’ ಅನ್ನುವುದು ಬೇರೆ ಭಾಷೆಗಳಲ್ಲೂ ಎದುರಾಗುತ್ತದೆ.

ಹಾಗಾದರೆ ನರಕಾಸುರ?

ಅವನ ಕಥೆಯೇ ಬೇರೆ. ಅವನು ಭೂದೇವಿಯ ಮಗ, ಪ್ರಾಗ್ಜ್ಯೋತಿಷದ ಅರಸ, ಕೃಷ್ಣನ ಕೈಯಲ್ಲಿ ಸತ್ತವನು. ಹೆಸರು ಒಂದೇ ಆದ ಮಾತ್ರಕ್ಕೆ ಅವನು ನರಕಲೋಕದ ಒಡೆಯನಲ್ಲ. ಆ ಲೋಕದ ಲೆಕ್ಕವೆಲ್ಲ ಯಮನದು.

ವೇದದಲ್ಲಿ ನರಕ ಇದೆಯಾ?

ಪುರಾಣದಲ್ಲಿ ಇರುವ ಹಾಗೆ ಇಲ್ಲ. ಋಗ್ವೇದದಲ್ಲಿ ಯಮ ಹೆದರಿಸುವ ದೇವತೆಯೇ ಅಲ್ಲ. ಮೊದಲು ಸತ್ತು, ಮುಂದೆ ಸಾಯುವವರಿಗೆಲ್ಲ ದಾರಿ ಹುಡುಕಿಕೊಟ್ಟವನು. ಅವನ ಲೋಕ ಬೆಳಕಿನದು, ಪಿತೃಗಳು ನಗುನಗುತ್ತಾ ಇರುವಂಥದ್ದು. ಅವನ ನಾಲ್ಕು ಕಣ್ಣಿನ ಎರಡು ನಾಯಿಗಳು ಮಾತ್ರ ಸ್ವಲ್ಪ ಭಯ ಹುಟ್ಟಿಸುತ್ತವೆ, ಅಷ್ಟೇ. ಕೆಟ್ಟವರನ್ನು ಹಿಡಿತಕ್ಕೆ ಸಿಗದ ಕತ್ತಲೆಗೆ, ಗುಂಡಿಗೆ ತಳ್ಳು ಎಂದು ಇಂದ್ರನನ್ನೂ ಸೋಮನನ್ನೂ ಬೇಡುವ ಒಂದು ಸೂಕ್ತ ಏಳನೆಯ ಮಂಡಲದಲ್ಲಿದೆ. ಅಲ್ಲಿರುವುದು ಕತ್ತಲೆ ಮತ್ತು ಆಳ. ಕೊಪ್ಪರಿಗೆ ಇನ್ನೂ ಬಂದಿಲ್ಲ.

‘ನಾರಕ ಲೋಕ’ ಅನ್ನುವ ಮಾತು ಸಿಗುವುದು ಅಥರ್ವವೇದದಲ್ಲಿ. ಯಾರಿಗೆ ಗೊತ್ತಾ? ದಾನ ಕೇಳಿದಾಗ ಹಸುವನ್ನು ಕೊಡದೆ ಹಿಡಿದಿಟ್ಟುಕೊಂಡವನಿಗೆ. ಕೇಳುವವರು ಯಾರು, ಶ್ಲೋಕ ಕಟ್ಟಿದವರು ಯಾರು ಅಂತ ಯೋಚಿಸಿದರೆ ನಗು ಬರುತ್ತದೆ.

ಯಜ್ಞಗಳನ್ನು ವಿವರಿಸುವ ವೇದಗ್ರಂಥ ಶತಪಥ ಬ್ರಾಹ್ಮಣಕ್ಕೆ ಬರುವ ಹೊತ್ತಿಗೆ ಚಿತ್ರ ಬದಲಾಗುತ್ತದೆ. ವರುಣನ ಮಗ ಭೃಗು, ತಾನು ಅಪ್ಪನಿಗಿಂತ ಜಾಸ್ತಿ ತಿಳಿದವನು ಎಂದು ಬೀಗುತ್ತಿರುತ್ತಾನೆ. ವರುಣ ಅವನನ್ನು ಲೋಕ ನೋಡಿಕೊಂಡು ಬಾ ಎಂದು ಕಳಿಸುತ್ತಾನೆ. ಹೋದ ಕಡೆಯೆಲ್ಲ ಮನುಷ್ಯರು ಮನುಷ್ಯರನ್ನು ಕತ್ತರಿಸುತ್ತಿರುವುದು, ತಿನ್ನುತ್ತಿರುವುದು ಕಾಣುತ್ತದೆ. ಇಲ್ಲಿ ಯಾರು ಏನನ್ನು ಕಡಿದು ತಿಂದರೋ, ಅಲ್ಲಿ ಅದೇ ಅವರನ್ನು ತಿನ್ನುತ್ತಿದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುವ ಗಾದೆಯನ್ನೇ ಕಥೆ ಮಾಡಿದ ಹಾಗೆ.

ಪುರಾಣದಲ್ಲಿ ಒಟ್ಟು ಎಷ್ಟು ನರಕ?

ಯಾವ ಗ್ರಂಥ ತೆಗೆಯುತ್ತೀರಿ ಅನ್ನುವುದರ ಮೇಲೆ. ಮನುಸ್ಮೃತಿ 21 ಹೆಸರು ಹೇಳುತ್ತದೆ, ಭಾಗವತ 28. ಭಾಗವತದ ಐದನೆಯ ಸ್ಕಂಧದ ಕೊನೆಯ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ಜಾಗದ ಗುರುತೂ ಇದೆ: ದಕ್ಷಿಣ ದಿಕ್ಕು, ಭೂಮಿಯ ಕೆಳಗೆ, ತಳದ ನೀರಿನ ಮೇಲೆ.

ಹೆಸರುಗಳನ್ನು ಬಿಡಿಸಿ ನೋಡುವುದೇ ಒಂದು ಖುಷಿ. ಕುಂಭೀಪಾಕ ಅಂದರೆ ಗಡಿಗೆಯಲ್ಲಿ ಬೇಯಿಸುವುದು. ಪ್ರಾಣಿ ಪಕ್ಷಿಗಳನ್ನು ಜೀವಂತ ಬೇಯಿಸಿದವರಿಗೆ ಅದು. ಅಸಿಪತ್ರವನ ಅಂದರೆ ಎಲೆಗಳೇ ಕತ್ತಿಯಾಗಿರುವ ಕಾಡು. ಕೃಮಿಭೋಜನ, ಅತಿಥಿಗೂ ಮಕ್ಕಳಿಗೂ ಮುದುಕರಿಗೂ ಹಂಚದೆ ತಾನೊಬ್ಬನೇ ಉಂಡವನಿಗೆ. ಹುಳಗಳ ಕೊಳದಲ್ಲಿ ತಾನೂ ಹುಳವಾಗಿ, ಹುಳಗಳನ್ನೇ ತಿನ್ನುತ್ತಾ, ಹುಳಗಳಿಂದ ತಿನ್ನಿಸಿಕೊಳ್ಳುತ್ತಾ ಇರಬೇಕು. ಅಂಧಕೂಪದಲ್ಲಿ ನೀವು ಹಿಂಸೆ ಕೊಟ್ಟ ಸೊಳ್ಳೆ, ತಿಗಣೆ, ಹೇನುಗಳು ಕತ್ತಲೆಯಲ್ಲಿ ನಿಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತವೆ. ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲೇ ಸೀಟು ಗ್ಯಾರಂಟಿ.

ನನಗೆ ತುಂಬಾ ಇಷ್ಟವಾಗಿದ್ದು ಸೂಕರಮುಖ. ತಪ್ಪು ಮಾಡದವನಿಗೆ ಶಿಕ್ಷೆ ಕೊಟ್ಟ ರಾಜ ಅಥವಾ ರಾಜನ ಅಧಿಕಾರಿ ಅಲ್ಲಿಗೆ ಹೋಗುತ್ತಾನೆ. ಅಲ್ಲಿ ಅವನನ್ನು ಗಾಣಕ್ಕೆ ಕೊಟ್ಟ ಕಬ್ಬಿನ ಹಾಗೆ ಹಿಂಡುತ್ತಾರೆ. ಅಧಿಕಾರಿಗಳ ಎದುರು ನಿಂತು ಬೈಯಲಾಗದ ಜನ ಇದನ್ನು ಕೇಳಿ ಎಷ್ಟು ಸಮಾಧಾನ ಪಟ್ಟಿರಬೇಕು!

ಪಾತಾಳ ಅಂದರೆ ನರಕವೇ ಅಲ್ವಾ?

ಅಲ್ಲ. ಇದು ಎಲ್ಲರೂ ಮಾಡುವ ತಪ್ಪು. ಅತಲ, ವಿತಲ, ಸುತಲ, ತಲಾತಲ, ಮಹಾತಲ, ರಸಾತಲ, ಪಾತಾಳ ಎಂಬ ಏಳು ಕೆಳಲೋಕಗಳಲ್ಲಿ ಇರುವವರು ನಾಗರು, ದಾನವರು, ದೈತ್ಯರು. ಅವು ಶಿಕ್ಷೆಯ ಜಾಗಗಳಲ್ಲ. ಬಲಿ ಚಕ್ರವರ್ತಿ ಸುತಲದಲ್ಲಿ ಸುಖವಾಗಿದ್ದಾನೆ. ವಿಷ್ಣುಪುರಾಣದಲ್ಲಿ ನಾರದ ಅಲ್ಲಿಗೆಲ್ಲ ಸುತ್ತಾಡಿ ಬಂದು, ಇಂದ್ರನ ಸ್ವರ್ಗಕ್ಕಿಂತ ಪಾತಾಳವೇ ಚೆಂದ ಎಂದು ದೇವತೆಗಳ ಮುಂದೆಯೇ ಹೇಳಿಬಿಡುತ್ತಾನೆ. ನಾರದನ ಬಾಯಿಗೆ ಬೀಗ ಹಾಕುವವರು ಯಾರು?

ಇಂಗ್ಲಿಷಿನ ‘ಹೆಲ್’ ಪದದ ಮೂಲ ಏನು?

ಇದರಲ್ಲಿ ಬೆಂಕಿಯ ಸುಳಿವೇ ಇಲ್ಲ. ಹಳೆಯ ಜರ್ಮನಿಕ್ ಭಾಷೆಗಳ ಮೂಲಕ ಹಿಂದಕ್ಕೆ ಹೋದರೆ ಸಿಗುವುದು ‘ಮುಚ್ಚು, ಮರೆಮಾಡು’ ಎಂಬ ಅರ್ಥದ ಧಾತು. ಅಂದರೆ ಹೆಲ್ ಎಂದರೆ ಮುಚ್ಚಿಟ್ಟ ಜಾಗ. ಅದೇ ಧಾತುವಿನ ಇತರ ಮಕ್ಕಳು ನಮಗೆ ದಿನಾ ಸಿಗುತ್ತಾರೆ: ತಲೆ ಮುಚ್ಚುವ ಹೆಲ್ಮೆಟ್, ಮನೆಯ ಹಾಲ್, ಜೈಲಿನ ಸೆಲ್.

ಉತ್ತರ ಯುರೋಪಿನ ನಾರ್ಸ್ ಪುರಾಣದಲ್ಲಿ ಹೆಲ್ ಎಂಬುದು ಒಂದು ಲೋಕ, ಅದನ್ನು ಆಳುವವಳ ಹೆಸರೂ ಅದೇ. ಲೋಕಿ ಎಂಬ ಕುತಂತ್ರಿ ದೇವತೆಯ ಮಗಳು. ಮೈ ಅರ್ಧ ಕಪ್ಪು ನೀಲಿ, ಅರ್ಧ ಮನುಷ್ಯರ ಬಣ್ಣ. ಕಾಯಿಲೆ ಬಂದು ಅಥವಾ ವಯಸ್ಸಾಗಿ ಸತ್ತವರು ಅವಳ ಬಳಿಗೆ ಹೋಗುತ್ತಾರೆ. ಪಾಪ ಮಾಡಿರಬೇಕು ಎಂದೇನಿಲ್ಲ. 13ನೇ ಶತಮಾನದಲ್ಲಿ ಐಸ್‌ಲ್ಯಾಂಡಿನಲ್ಲಿ ಈ ಕಥೆಗಳನ್ನು ಬರೆದಿಟ್ಟ ಸ್ನೋರಿ ಪ್ರಕಾರ ಅವಳ ತಟ್ಟೆಯ ಹೆಸರು ಹಸಿವು, ಚಾಕುವಿನ ಹೆಸರು ಬರ. ಆ ಊಟದ ಮನೆ ಹೇಗಿದ್ದಿರಬಹುದು, ನೀವೇ ಊಹಿಸಿ.

ಕ್ರೈಸ್ತ ಧರ್ಮ ಆ ಕಡೆ ಹರಡಿದಾಗ ಪ್ರಚಾರಕರಿಗೆ ಒಂದು ಪದ ಬೇಕಿತ್ತು. ಜನರ ಬಾಯಲ್ಲಿ ಆಗಲೇ ಇದ್ದ ಪದವನ್ನೇ ಎತ್ತಿಕೊಂಡರು. ಪದ ಹಳೆಯದೇ ಉಳಿಯಿತು, ಒಳಗಿನ ಸಾಮಾನು ಬದಲಾಯಿತು.

ನರಕಕ್ಕೆ ಇರುವ ಇನ್ನೊಂದು ಪದ ‘ಇನ್‌ಫರ್ನೋ’?

ಲ್ಯಾಟಿನ್ನಿನ ಇನ್‌ಫರ್ನಸ್, ಅಂದರೆ ಕೆಳಗಿನದು. ಅಲ್ಲೂ ಬೆಂಕಿ ಇಲ್ಲ, ನೋಡಿ. ಸಂಸ್ಕೃತದ ‘ಅಧರ’ ಮತ್ತು ಇಂಗ್ಲಿಷಿನ ‘ಅಂಡರ್’ ಇದರ ದಾಯಾದಿಗಳು. ಅಧರ ಅಂದರೆ ಮೂಲದಲ್ಲಿ ಕೆಳಗಿನದು, ಆಮೇಲೆ ಕೆಳದುಟಿ, ಆಮೇಲೆ ಸುಮ್ನೆ ತುಟಿ. ಕವಿಗಳು ಅಧರಾಮೃತ ಎಂದು ಹಾಡುವಾಗ ಅದರ ಸಂಬಂಧಿಕರು ಎಲ್ಲಿದ್ದಾರೆ ಅಂತ ಯಾರು ಯೋಚಿಸುತ್ತಾರೆ?

ಬೈಬಲ್‌ನಲ್ಲಿ ನರಕದ ಬಗ್ಗೆ ಏನಿದೆ?

ಮೊದಲು ಒಂದು ಮಾತು. ಇಂಗ್ಲಿಷಿನಲ್ಲಿ ‘ಹೆಲ್’ ಎಂದು ಓದಿದ ಕಡೆ ಮೂಲದಲ್ಲಿ ನಾಲ್ಕು ಬೇರೆ ಬೇರೆ ಪದಗಳಿವೆ. ಗೊಂದಲಕ್ಕೆಲ್ಲ ಕಾರಣ ಇದೇ.

ಹೀಬ್ರೂ ಬೈಬಲ್‌ನಲ್ಲಿರುವುದು ಷಿಯೋಲ್. ಸತ್ತವರೆಲ್ಲ ಹೋಗುವ ಮಂಕು ಜಾಗ. ಒಳ್ಳೆಯವರು, ಕೆಟ್ಟವರು, ರಾಜರು, ಆಳುಗಳು ಎಲ್ಲರಿಗೂ ಅದೇ. ಮಗ ಯೋಸೇಫ ಸತ್ತನೆಂದು ನಂಬಿದ ಯಾಕೋಬ, ಅಳುತ್ತಲೇ ಷಿಯೋಲ್‌ಗೆ ಇಳಿದು ಮಗನನ್ನು ಸೇರುತ್ತೇನೆ ಎನ್ನುತ್ತಾನೆ. ಮಗನನ್ನು ಹುಡುಕಿಕೊಂಡು ನರಕಕ್ಕೆ ಹೋಗುತ್ತೇನೆ ಅಂತ ಯಾವ ಅಪ್ಪ ಹೇಳುತ್ತಾನೆ? ಅದು ಶಿಕ್ಷೆಯ ಜಾಗ ಆಗಿರಲಿಲ್ಲ.

ಯೆಹೂದಿಗಳು ಗ್ರಂಥವನ್ನು ಗ್ರೀಕಿಗೆ ತಂದಾಗ ಷಿಯೋಲ್‌ಗೆ ‘ಹೇಡಿಸ್’ ಎಂಬ ಪದ ಬಳಸಿದರು. ಅದು ಗ್ರೀಕರ ಮೃತಲೋಕ, ಅದರ ದೊರೆಯ ಹೆಸರೂ ಹೌದು. ‘ಕಾಣದ್ದು’ ಎಂಬ ಅರ್ಥವನ್ನು ಗ್ರೀಕರೇ ಅದಕ್ಕೆ ಕೊಟ್ಟಿದ್ದಾರೆ. ಹೊಸ ಒಡಂಬಡಿಕೆಯಲ್ಲಿ ಹೇಡಿಸ್ ಜೊತೆಗೆ ‘ಗೆಹೆನ್ನ’ ಬರುತ್ತದೆ, 12 ಸಲ. ಅದರಲ್ಲಿ 11 ಸಲ ಯೇಸುವಿನ ಮಾತಿನಲ್ಲೇ. ಬೆಂಕಿಯ ಎಚ್ಚರಿಕೆ ಇರುವುದು ಹೆಚ್ಚಾಗಿ ಈ ಪದದ ಜೊತೆ. ನಾಲ್ಕನೆಯದು ಟಾರ್ಟರಸ್, ಬರುವುದು ಒಂದೇ ಸಲ, ಪೇತ್ರನ ಎರಡನೆಯ ಪತ್ರದಲ್ಲಿ. ಗ್ರೀಕ್ ಕವಿ ಹೆಸಿಯಡ್ ಟಾರ್ಟರಸ್‌ನ ಆಳ ಹೇಳುವುದು ಹೀಗೆ: ಕಮ್ಮಾರ ಬಳಸುವಂಥ ಕಂಚಿನ ಅಡಿಗಲ್ಲೊಂದನ್ನು ಭೂಮಿಯಿಂದ ಕೆಳಕ್ಕೆ ಬಿಟ್ಟರೆ ಒಂಬತ್ತು ಹಗಲು ಒಂಬತ್ತು ರಾತ್ರಿ ಬಿದ್ದು ಹತ್ತನೆಯ ದಿನ ತಲುಪುತ್ತದೆ.

1611ರ ಕಿಂಗ್ ಜೇಮ್ಸ್ ಅನುವಾದ ಈ ನಾಲ್ಕನ್ನೂ ‘ಹೆಲ್’ ಚೀಲಕ್ಕೆ ತುಂಬಿತು. ಅದೂ ಒಂದೇ ಅಳತೆಯಲ್ಲಲ್ಲ. ಷಿಯೋಲ್ ಬರುವುದು 65 ಸಲ. 31 ಕಡೆ ‘ಹೆಲ್’, 31 ಕಡೆ ‘ಸಮಾಧಿ’, 3 ಕಡೆ ‘ಗುಂಡಿ’. ಯಾಕೋಬನ ಪಾಲಿಗೆ ಸಮಾಧಿ, ದುಷ್ಟರ ಪಾಲಿಗೆ ಹೆಲ್. ಮೂಲದಲ್ಲಿ ಇಲ್ಲದ ವಿಂಗಡಣೆ ಅದು.

ಈ ವಿಷಯದಲ್ಲಿ ಕನ್ನಡ ಬೈಬಲ್ ಓದುವವರು ಅದೃಷ್ಟವಂತರು. ಷಿಯೋಲ್, ಹೇಡಿಸ್ ಇರುವ ಕಡೆ ಹೆಚ್ಚಾಗಿ ‘ಪಾತಾಳ’, ಗೆಹೆನ್ನ ಇರುವ ಕಡೆ ‘ನರಕ’ ಎಂದು ಬೇರೆ ಬೇರೆ ಪದ ಸಿಗುತ್ತದೆ. ನಮ್ಮಲ್ಲಿ ಎರಡು ಪದ ಮೊದಲೇ ಇದ್ದದ್ದು ಉಪಯೋಗಕ್ಕೆ ಬಂತು.

ಗೆಹೆನ್ನ ನಿಜವಾದ ಜಾಗವಂತೆ, ಹೌದಾ?

ಹೌದು, ಈಗಲೂ ಹೋಗಿ ನೋಡಬಹುದು. ಜೆರುಸಲೇಮಿನ ಹಳೆಯ ನಗರದ ದಕ್ಷಿಣಕ್ಕೆ ಇರುವ ಹಿನ್ನೋಮ್ ಕಣಿವೆ ಅದು. ಹೀಬ್ರೂವಿನಲ್ಲಿ ‘ಗೇ ಹಿನ್ನೋಮ್’. ಗೇ ಅಂದರೆ ಕಣಿವೆ.

ಕಣಿವೆಗೆ ಕೆಟ್ಟ ಹೆಸರು ಬಂದದ್ದು ಮಕ್ಕಳ ಬಲಿಯಿಂದ. ಅಲ್ಲಿನ ತೋಫೆತ್ ಎಂಬ ಜಾಗದಲ್ಲಿ ಮಕ್ಕಳನ್ನು ಬೆಂಕಿಗೆ ಕೊಡುತ್ತಿದ್ದರು ಎಂದು ಬೈಬಲ್ ಹೇಳುತ್ತದೆ. ಆಹಾಜ, ಮನಸ್ಸೆ ಎಂಬ ರಾಜರ ಮೇಲೂ ಆ ಆರೋಪ ಇದೆ. ಆಮೇಲೆ ಬಂದ ಯೋಷೀಯ ರಾಜ ಆ ಜಾಗವನ್ನು ಹೊಲೆಗೆಡಿಸಿ, ಮತ್ತೆ ಯಾರೂ ಬಲಿ ಕೊಡದ ಹಾಗೆ ಮಾಡಿದ. ಇದಕ್ಕೆ ಇನ್ನು ಮುಂದೆ ಸಂಹಾರದ ಕಣಿವೆ ಎಂದೇ ಹೆಸರು ಎಂದು ಪ್ರವಾದಿ ಯೆರೆಮೀಯ ಶಪಿಸಿದ. ಮುಂದಿನ ಶತಮಾನಗಳಲ್ಲಿ ಊರಿನ ಪಕ್ಕದ ಕಣಿವೆಯ ಹೆಸರು ಪರಲೋಕದ ಶಿಕ್ಷೆಯ ಹೆಸರಾಯಿತು. ಬೆಂಕಿ ಪದದೊಳಗೆ ಹೊಕ್ಕಿದ್ದು ಈ ಬಾಗಿಲಿನಿಂದ.

ಅದು ಊರಿನ ಕಸ ಸುಡುತ್ತಿದ್ದ, ಸದಾ ಹೊಗೆಯಾಡುವ ತಿಪ್ಪೆ ಎಂದು ಬಹಳ ಕಡೆ ಓದಿರುತ್ತೀರಿ. ಆ ಮಾತು ನಮಗೆ ಸಿಗುವುದು ಸುಮಾರು 1200ರ ಹೊತ್ತಿಗೆ, ರಬ್ಬಿ (ಯೆಹೂದಿ ಗುರು) ಡೇವಿಡ್ ಕಿಮ್ಹಿಯ ಬರಹದಲ್ಲಿ. ಯೇಸುವಿನ ಕಾಲದ ಬರಹಗಳಲ್ಲಾಗಲಿ ಅಗೆತದಲ್ಲಾಗಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಕಥೆ ಚೆನ್ನಾಗಿದೆ, ಅದಕ್ಕೇ ಉಳಿದುಕೊಂಡಿದೆ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. 1979ರಲ್ಲಿ ಇದೇ ಕಣಿವೆಯ ಅಂಚಿನ ಗೋರಿಯೊಂದರಲ್ಲಿ ಎರಡು ಪುಟ್ಟ ಬೆಳ್ಳಿಯ ಸುರುಳಿ ಸಿಕ್ಕವು. ಬಿಡಿಸಿ ನೋಡಿದರೆ, ‘ದೇವರು ನಿನ್ನನ್ನು ಹರಸಿ ಕಾಪಾಡಲಿ’ ಎಂಬ ಅರ್ಥದ ಸಾಲು. ಬೈಬಲ್‌ನ ಮಾತು ಇರುವ, ಇದುವರೆಗೆ ಸಿಕ್ಕ ಅತಿ ಹಳೆಯ ಬರಹ ಅದೇ. ನರಕಕ್ಕೆ ಹೆಸರು ಕೊಟ್ಟ ಕಣಿವೆಯಲ್ಲಿ ಸಿಕ್ಕಿದ್ದು ಆಶೀರ್ವಾದ.

ಜಹನ್ನಮ್, ದೋಜಖ್ ಎರಡೂ ಒಂದೇನಾ?

ಅರ್ಥ ಒಂದೇ, ಹುಟ್ಟೂರು ಬೇರೆ. ಜಹನ್ನಮ್ ಅದೇ ಗೇ ಹಿನ್ನೋಮ್‌ನ ಅರಬ್ಬಿ ರೂಪ. ಕುರಾನಿನಲ್ಲಿ ಈ ಪದ 77 ಸಲ ಬರುತ್ತದೆ. ಅದಕ್ಕೆ ಏಳು ಬಾಗಿಲು, 19 ಕಾವಲು ದೇವದೂತರು, ತಳದಲ್ಲಿ ಸೈತಾನರ ತಲೆಯಂಥ ಹಣ್ಣು ಬಿಡುವ ಜಕ್ಕೂಮ್ ಮರ. ಜಹೀಮ್, ಸಕರ್, ಹುತಮಾ ಎಂಬ ಹೆಸರುಗಳೂ ಇವೆ.

ದೋಜಖ್ ಪಾರ್ಸಿಯಿಂದ ಬಂದದ್ದು. ಹಳೆಯ ಇರಾನಿನ ಜರತುಷ್ಟ್ರನ ಧರ್ಮದ ಅವೆಸ್ತಾ ಭಾಷೆಯಲ್ಲಿ ಅದರ ಮೂಲಕ್ಕೆ ‘ಕೆಟ್ಟ ಇರುವಿಕೆ’ ಎಂಬ ಅರ್ಥ. ಆರಂಭದ ‘ದು’ ನಮ್ಮ ದುರ್ದಿನ, ದುರ್ಗತಿಯಲ್ಲಿ ಇರುವುದೇ. ನನಗೆ ಕೇಳಿದರೆ ಈ ಪದಗಳಲ್ಲೆಲ್ಲ ನೇರವಾಗಿ ವಿಷಯ ಹೇಳುವುದು ಇದೊಂದೇ.

ನರಕ ಎಂದರೆ ಬೆಂಕಿ ಇರಲೇಬೇಕಾ?

ಬೇಡ. ಬೌದ್ಧರಲ್ಲಿ ಎಂಟು ಬಿಸಿ ನರಕಗಳ ಪಕ್ಕದಲ್ಲೇ ಎಂಟು ತಣ್ಣನೆಯ ನರಕಗಳಿವೆ. ಅವುಗಳ ಹೆಸರನ್ನು ಜೋರಾಗಿ ಓದಿ ನೋಡಿ: ಅಟಟ, ಹಹವ, ಹುಹುವ. ಚಳಿಗೆ ಹಲ್ಲು ಕಡಿಯುವಾಗ ಬಾಯಿಂದ ಬರುವ ಸದ್ದೇ ಹೆಸರಾಗಿದೆ. ಮುಂದಿನವು ಉತ್ಪಲ, ಪದ್ಮ, ಮಹಾಪದ್ಮ. ಕೇಳಲು ಚೆಂದ, ಆದರೆ ಚಳಿಗೆ ಚರ್ಮ ನೀಲಿಗಟ್ಟಿ, ಬಿರಿದು, ತಾವರೆಯ ಎಸಳಿನಂತೆ ಕೆಂಪಗೆ ಬಿಚ್ಚಿಕೊಳ್ಳುವುದಕ್ಕೆ ಇಟ್ಟ ಹೆಸರು. ತಾವರೆಯನ್ನು ಹೀಗೆ ಬಳಸಿದವರು ಇನ್ನೊಬ್ಬರಿಲ್ಲ.

ಜೈನರ ಲೋಕದಲ್ಲಿ ರತ್ನಪ್ರಭೆಯಿಂದ ಮಹಾತಮಃಪ್ರಭೆಯವರೆಗೆ ಏಳು ನರಕಭೂಮಿಗಳು ಒಂದರ ಕೆಳಗೊಂದು. ಮೇಲಿನವು ಸುಡುತ್ತವೆ, ತಳದವು ಕೊರೆಯುತ್ತವೆ. ಇಟಲಿಯ ಡಾಂಟೆ 14ನೇ ಶತಮಾನದ ಆರಂಭದಲ್ಲಿ ಬರೆದ ಕಾವ್ಯದಲ್ಲೂ ಒಂಬತ್ತು ಸುತ್ತುಗಳ ನರಕದ ಕಟ್ಟಕಡೆಗೆ ಇರುವುದು ಹಿಮ. ಸೈತಾನ ಅದರಲ್ಲಿ ಎದೆಮಟ್ಟ ಹೂತು ನಿಂತಿದ್ದಾನೆ.

ನರಕವಾಸ ಶಾಶ್ವತವಾ?

ಈ ಪ್ರಶ್ನೆಗೆ ಒಂದೊಂದು ಧರ್ಮದ್ದು ಒಂದೊಂದು ಉತ್ತರ ಎನ್ನುವುದಕ್ಕಿಂತ, ಒಂದೊಂದು ಧರ್ಮದ ಒಳಗೇ ಎರಡು ಮೂರು ಉತ್ತರ ಎನ್ನುವುದು ಸರಿ.

ಕರ್ಮ, ಮರುಹುಟ್ಟು ನಂಬುವ ಕಡೆ ನರಕ ಸಾಮಾನ್ಯವಾಗಿ ತಾತ್ಕಾಲಿಕ. ಕರ್ಮ ಸವೆದ ಮೇಲೆ ಬಿಡುಗಡೆ. ಜೈನರ ಪ್ರಕಾರ ಮಗಧದ ಶ್ರೇಣಿಕ ರಾಜ ಈಗ ಮೊದಲನೆಯ ನರಕದಲ್ಲಿದ್ದಾನೆ, ಆದರೆ ಮುಂದಿನ ಕಾಲಚಕ್ರದ ಮೊದಲ ತೀರ್ಥಂಕರ ಆಗುವವನೂ ಅವನೇ. ಹಿಂದೂ ದರ್ಶನಗಳಲ್ಲಿ ಎದ್ದು ಕಾಣುವ ಅಪವಾದ 13ನೇ ಶತಮಾನದ ಮಧ್ವಾಚಾರ್ಯರದು. ಅವರು ಜೀವರಲ್ಲಿ ಮೂರು ಬಗೆ ಎಣಿಸುತ್ತಾರೆ. ಅದರಲ್ಲಿ ತಮೋಯೋಗ್ಯರಿಗೆ, ಅಂದರೆ ಕತ್ತಲೆಗೇ ತಕ್ಕವರಿಗೆ, ಅಂಧತಮಸ್ಸು ಎಂಬ ಕಡುಗತ್ತಲೆಯೇ ಕೊನೆಯ ನೆಲೆ, ಅಲ್ಲಿಂದ ವಾಪಸ್ಸಿಲ್ಲ.

ಯೆಹೂದಿ ಗುರುಗಳ ಮಾತಿನಲ್ಲಿ ಗೆಹಿನ್ನೋಮ್‌ನ ಶಿಕ್ಷೆ ಹೆಚ್ಚೆಂದರೆ 12 ತಿಂಗಳು. ಅದಕ್ಕೇ ತೀರಿಕೊಂಡ ಅಪ್ಪ ಅಮ್ಮನಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಯನ್ನು 11 ತಿಂಗಳಿಗೆ ನಿಲ್ಲಿಸುತ್ತಾರೆ. ಪೂರ್ತಿ 12 ಹೇಳಿದರೆ ಹೆತ್ತವರು ಅಷ್ಟು ಕೆಟ್ಟವರಾಗಿದ್ದರು ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ!

ಕ್ರೈಸ್ತರಲ್ಲಿ ಬಹುಮತ ಶಾಶ್ವತ ಎನ್ನುತ್ತದೆ. 3ನೇ ಶತಮಾನದ ಒರಿಜೆನ್ ಕೊನೆಗೆ ಎಲ್ಲರೂ ದೇವರ ಬಳಿಗೆ ಮರಳಬಹುದು ಎಂದು ಬರೆದ. 6ನೇ ಶತಮಾನದಲ್ಲಿ ಅಂಥ ವಿಚಾರಕ್ಕೆ ಬಹಿಷ್ಕಾರ ಬಿತ್ತು. ಸೆವೆಂತ್ ಡೇ ಅಡ್ವೆಂಟಿಸ್ಟರ ಹಾಗೆ, ದುಷ್ಟರು ಸುಟ್ಟು ಇಲ್ಲವಾಗುತ್ತಾರೆ, ನಿರಂತರ ಯಾತನೆ ಇಲ್ಲ ಎನ್ನುವವರೂ ಇದ್ದಾರೆ. ಇಸ್ಲಾಮಿನಲ್ಲಿ ಪಾಪ ಮಾಡಿದ ವಿಶ್ವಾಸಿ ಒಂದು ದಿನ ಹೊರಬರುತ್ತಾನೆ ಎಂಬ ನಂಬಿಕೆ ವ್ಯಾಪಕ. ಬೆಂಕಿಯೇ ಒಮ್ಮೆ ಮುಗಿಯಬಹುದು ಎಂದು ವಾದಿಸಿದ ಇಬ್ನ್ ಅಲ್ ಕಯ್ಯಿಮ್‌ನಂಥ ಪಂಡಿತರೂ ಇದ್ದರು. ಜರತುಷ್ಟ್ರರ ಕೊನೆಯ ದಿನದ ಚಿತ್ರ ಇನ್ನೂ ಬೇರೆ: ಎಲ್ಲರೂ ಕರಗಿದ ಲೋಹದ ಹೊಳೆ ದಾಟಬೇಕು. ಒಳ್ಳೆಯವರಿಗೆ ಅದು ಬೆಚ್ಚಗಿನ ಹಾಲಿನಂತೆ. ಉಳಿದವರು ಸುಟ್ಟು ಶುದ್ಧರಾಗುತ್ತಾರೆ, ನರಕವೂ ಶುದ್ಧವಾಗುತ್ತದೆ.

ಒಳ್ಳೆಯವರು ನರಕ ನೋಡುವುದುಂಟಾ?

ಧರ್ಮರಾಯನನ್ನೇ ಕೇಳಿ. ಮಹಾಭಾರತದ ಸ್ವರ್ಗಾರೋಹಣ ಪರ್ವದಲ್ಲಿ ಅವನು ಸ್ವರ್ಗಕ್ಕೆ ಕಾಲಿಟ್ಟರೆ ಎದುರಿಗೆ ಸಿಂಹಾಸನದ ಮೇಲೆ ದುರ್ಯೋಧನ! ನನ್ನ ತಮ್ಮಂದಿರು ಎಲ್ಲಿ ಎಂದು ಕೇಳಿದರೆ ದೂತ ಅವನನ್ನು ಕತ್ತಲೆ, ದುರ್ನಾತದ ದಾರಿಯಲ್ಲಿ ಕರೆದೊಯ್ಯುತ್ತಾನೆ. ನಾತ ತಡೆಯಲಾರದೆ ವಾಪಸ್ ಹೊರಟಾಗ ಕತ್ತಲೆಯಿಂದ ಕರ್ಣ, ಭೀಮ, ಅರ್ಜುನ, ದ್ರೌಪದಿಯ ದನಿ: ನೀನು ಬಂದಿದ್ದರಿಂದ ತಂಪು ಗಾಳಿ ಬೀಸಿತು, ಸ್ವಲ್ಪ ಹೊತ್ತು ಇರು. ಧರ್ಮರಾಯ ಅಲ್ಲೇ ನಿಲ್ಲುತ್ತಾನೆ, ಸ್ವರ್ಗ ಬೇಡ ಎನ್ನುತ್ತಾನೆ. ಆಮೇಲೆ ಇಂದ್ರ ಬಂದು ವಿವರಿಸುತ್ತಾನೆ: ದ್ರೋಣನಿಗೆ ಮಗನ ವಿಷಯದಲ್ಲಿ ಕಪಟ ಮಾಡಿದೆ, ಆದ್ದರಿಂದ ನಿನಗೂ ಕಪಟದಿಂದಲೇ ನರಕ ತೋರಿಸಿದೆ. ನರಕದ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕಿಂತ ದೊಡ್ಡ ಕಥೆ ಇಲ್ಲ.

ಸೈತಾನ ನರಕದ ರಾಜ ತಾನೇ?

ಚಿತ್ರಗಳಲ್ಲಿ ಹೌದು, ಗ್ರಂಥದಲ್ಲಿ ಅಲ್ಲ. ಬೈಬಲ್‌ನ ಕೊನೆಯ ಪುಸ್ತಕದಲ್ಲಿ ಅವನನ್ನು ಬೆಂಕಿಯ ಕೆರೆಗೆ ಎಸೆಯುತ್ತಾರೆ. ಅವನು ಅಲ್ಲಿ ಕೈದಿ, ಜೈಲರ್ ಅಲ್ಲ. ಕುರಾನಿನಲ್ಲಿ ನರಕ ಕಾಯುವ ಮಾಲಿಕ್ ಒಬ್ಬ ದೇವದೂತ. ಯಮ ನ್ಯಾಯಾಧೀಶ, ಅವನಿಗೆ ಧರ್ಮರಾಜ ಎಂದೇ ಹೆಸರು.

ನರಕ ಒಂದು ಜಾಗವಾ, ಮನಸ್ಸಿನ ಸ್ಥಿತಿಯಾ?

‘ಆಚಾರವೇ ಸ್ವರ್ಗ, ಅನಾಚಾರವೇ ನರಕ’ ಎಂದು ಬಸವಣ್ಣ 12ನೇ ಶತಮಾನದಲ್ಲೇ ಹೇಳಿದ್ದರು. ಗೀತೆಯ 16ನೇ ಅಧ್ಯಾಯ ಕಾಮ, ಕ್ರೋಧ, ಲೋಭಗಳನ್ನು ನರಕದ ಮೂರು ಬಾಗಿಲು ಎನ್ನುತ್ತದೆ. 1999ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೂಡ, ನರಕ ಜಾಗ ಅನ್ನುವುದಕ್ಕಿಂತ ದೇವರಿಂದ ತಾವಾಗಿ ದೂರವಾದವರ ಸ್ಥಿತಿ ಎಂದು ವಿವರಿಸಿದರು. ಹಾಗಂತ ಜಾಗ ಎಂದು ನಂಬುವವರು ಕಡಿಮೆಯಾಗಿಲ್ಲ.

ರಷ್ಯಾದಲ್ಲಿ ಭೂಮಿ ಕೊರೆದಾಗ ನರಕದ ಕೂಗು ಕೇಳಿಸಿತಂತಲ್ಲ?

ಸುಳ್ಳು. ಕೋಲಾ ಪರ್ಯಾಯ ದ್ವೀಪದಲ್ಲಿ ವಿಜ್ಞಾನಿಗಳು ಕೊರೆದದ್ದು ನಿಜ, 1989ರಲ್ಲಿ 12,262 ಮೀಟರ್ ಮುಟ್ಟಿದ್ದೂ ನಿಜ. ಸಿಕ್ಕಿದ್ದು ಬಂಡೆ ಮತ್ತು ಸುಮಾರು 180 ಡಿಗ್ರಿ ಬಿಸಿ. ಭೂಮಿಯ ನಡುವಿಗೆ ಇನ್ನೂ 6,300 ಕಿಲೋಮೀಟರಿಗಿಂತ ಜಾಸ್ತಿ ಬಾಕಿ ಇತ್ತು. ಅದೇ ಹೊತ್ತಿಗೆ ಸೈಬೀರಿಯಾದಲ್ಲಿ ನರಳಾಟ ರೆಕಾರ್ಡ್ ಆಯಿತು ಎಂಬ ಕಥೆ ಹುಟ್ಟಿ, ಅಮೆರಿಕದ ಧಾರ್ಮಿಕ ಟಿವಿ ಚಾನೆಲ್‌ವರೆಗೂ ಹೋಯಿತು. ನಾರ್ವೆಯ ಮೇಷ್ಟ್ರೊಬ್ಬರು, ಯಾರಾದರೂ ಪರೀಕ್ಷೆ ಮಾಡುತ್ತಾರಾ ನೋಡೋಣ ಎಂದು ಬೇಕಂತಲೇ ಅದಕ್ಕೆ ಇನ್ನಷ್ಟು ಸುಳ್ಳು ಸೇರಿಸಿ ಕಳಿಸಿದರು. ಅದೂ ಪ್ರಸಾರವಾಯಿತು.

‘ಹೆಲ್’ ಅಂತ ನಿಜವಾಗಿ ಊರು ಇದೆಯಾ?

ಇದೆ, ನಾರ್ವೆಯಲ್ಲೇ. ಆ ಹೆಸರಿನ ಮೂಲ ಬಂಡೆಯ ಗವಿ ಎಂಬ ಅರ್ಥದ ಹಳೆಯ ಪದ. ರೈಲು ನಿಲ್ದಾಣವಿದೆ, ಬೋರ್ಡಿನ ಮುಂದೆ ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಚಳಿಗಾಲದಲ್ಲಿ ಅಲ್ಲಿ ಎಲ್ಲ ಹೆಪ್ಪುಗಟ್ಟುತ್ತದೆ.